ಕಿರು ಅನಿಮೇಶನ್ ಚಿತ್ರ ಮಾಡಿಕೊಂಡೇ ಬದುಕಿದವರು ಇದ್ದಾರಾ? ಹೇಗೆ ಬದುಕಿದರು?

ಪೆನ್ಸಿಲ್‌ಡಬ್ಬಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಟೂಡಿ ಅನಿಮೇಟರ್. ಹೊರದೇಶದ ಟೀವಿ ಸೀರೀಸ್‌ಗಳ ಕೆಲಸ. ಕತೆ ಅವರದ್ದು, ಪಾತ್ರ ಅವರದ್ದು, ಸ್ಟೋರಿಬೋರ್ಡೂ ಅಲ್ಲಿಂದಲೇ ಬರುತ್ತದೆ. ನಾವು ಶಾಟ್ ಮಾಡಿ ಕಳಿಸುತ್ತೇವೆ, ರಿಟೇಕ್ ಬಂದರೆ ತಿದ್ದುತ್ತೇವೆ. ನನಗೆ ಕೈ ಪಳಗಿದ್ದೇ ಇಲ್ಲಿ, ಅದರ ಬಗ್ಗೆ ಬೇಸರವಿಲ್ಲ. ಆದರೆ ನನ್ನದೇ ಒಂದು ಚಿತ್ರ ಮಾಡಬೇಕು ಅನ್ನುವ ಆಸೆ ಈಗ ತಡೆಯೋಕೆ ಆಗುತ್ತಿಲ್ಲ.

ಕತೆ ಸಿದ್ಧವಿದೆ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಇಳಿಯುವಾಗ ಇಸ್ಕೊಳ್ಳಿ ಅಂತ. ಎಷ್ಟೋ ಜನ ಮರೆತು ಇಳಿದುಬಿಡುತ್ತಾರೆ. ಹಾಗೆ ಉಳಿದುಹೋದ ಚಿಲ್ಲರೆಯನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಒಬ್ಬ ಕಂಡಕ್ಟರ್ ರಾತ್ರಿ ಊರೂರು ಸುತ್ತಿ ಅವರವರಿಗೆ ಕೊಟ್ಟು ಬರುವುದು ನನ್ನ ಕತೆ. ಬಸ್ಸಿನ ರೇಡಿಯೋದಲ್ಲಿ ಒಂದು ಹಳೇ ಸಿನಿಮಾ ಹಾಡು ಉದ್ದಕ್ಕೂ ಬರುತ್ತಿರುತ್ತದೆ. ಅನಿಮ್ಯಾಟಿಕ್ (ಕಚ್ಚಾ ಚಿತ್ರಗಳನ್ನು ಸಮಯಕ್ಕೆ ತಕ್ಕಂತೆ ಜೋಡಿಸಿದ ವಿಡಿಯೋ) ಮಾಡಿ ನೋಡಿದೆ, ಹನ್ನೆರಡು ನಿಮಿಷ ಬಂದಿದೆ.

ನನ್ನ ಪ್ರಶ್ನೆ ಹೇಗೆ ಮಾಡುವುದು ಅಂತಲ್ಲ. ಮಾಡಿದ ಮೇಲೆ ಏನು? ಒಂದಾದ ಮೇಲೆ ಇನ್ನೊಂದು ಚಿತ್ರ ಮಾಡಿಕೊಂಡು, ಅದರಲ್ಲೇ ಅನ್ನ ಸಂಪಾದಿಸಿ ಬದುಕಿದವರು ನಿಜವಾಗಲೂ ಇದ್ದಾರಾ? ಇದ್ದರೆ ದುಡ್ಡು ಎಲ್ಲಿಂದ ಬಂತು? ಬರೀ ಹುರಿದುಂಬಿಸುವ ಮಾತು ಬೇಡ, ಗೊತ್ತಿರುವವರು ಲೆಕ್ಕ ಸಮೇತ ಹೇಳಿ.

ಲೈಟ್‌ಬಾಕ್ಸ್

ಇದ್ದಾರೆ. ನನಗೆ ಮೊದಲು ನೆನಪಾಗುವುದು ಬಿಲ್ ಪ್ಲಿಂಪ್ಟನ್. ಅಮೆರಿಕದವರು, 1946ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿ 1968ರಲ್ಲಿ ನ್ಯೂಯಾರ್ಕಿಗೆ ಬಂದವರು. ಅಲ್ಲಿ ಅವರಿಗೆ ಅನ್ನ ಕೊಟ್ಟಿದ್ದು ಅನಿಮೇಶನ್ ಅಲ್ಲ. ವರ್ಷಗಟ್ಟಲೆ ಪತ್ರಿಕೆಗಳಿಗೆ ಇಲಸ್ಟ್ರೇಶನ್ ಮಾಡಿದರು, ಕಾರ್ಟೂನ್ ಸ್ಟ್ರಿಪ್ ಬರೆದರು. ಹೆಸರು ತಂದ ಚಿತ್ರ ಬಂದಾಗ ಅವರಿಗೆ ನಲವತ್ತು ದಾಟಿತ್ತು. ತಡವಾಯಿತು ಅಂತ ಯಾರಾದರೂ ಕೊರಗುತ್ತಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಆ ಚಿತ್ರ 1987ರ 'ಯುವರ್ ಫೇಸ್'. ಸುಮಾರು ಮೂರು ನಿಮಿಷ. ಕೋಟು, ಟೈ ಹಾಕಿಕೊಂಡ ಒಬ್ಬ ಗಂಡಸು ಕುರ್ಚಿಯಲ್ಲಿ ಕೂತು ಪ್ರೇಮಗೀತೆ ಹಾಡುತ್ತಾನೆ. ಅಷ್ಟೇ ಕತೆ. ಹಾಡುತ್ತಾ ಹಾಡುತ್ತಾ ಅವನ ಮುಖ ಹಿಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಮಡಚಿಕೊಳ್ಳುತ್ತದೆ, ಮತ್ತೆ ಏನೂ ಆಗದವನ ಹಾಗೆ ಹಾಡು ಮುಂದುವರಿಸುತ್ತಾನೆ. ಓಡುವ ಕ್ಯಾಮೆರಾ ಇಲ್ಲ, ಅಲಂಕಾರದ ಬ್ಯಾಕ್‌ಗ್ರೌಂಡ್ ಇಲ್ಲ. ಕಾಗದ, ಬಣ್ಣದ ಪೆನ್ಸಿಲ್ಲು. ಹಾಡು ಕಟ್ಟಿ ಹಾಡಿದ್ದು ಮೌರೀನ್ ಮೆಕೆಲ್‌ರಾನ್ ಅನ್ನುವ ಹೆಂಗಸು. ಅವರ ದನಿಯ ವೇಗ ಇಳಿಸಿ ಗಂಡು ದನಿ ಮಾಡಿದ್ದಾರೆ. ಎಳೆದೆಳೆದು ಬರುವ ಆ ದನಿಯೇ ಚಿತ್ರಕ್ಕೆ ವಿಚಿತ್ರ ಕಳೆ ಕೊಟ್ಟಿದೆ. ಅದು ಆಸ್ಕರ್ ನಾಮಿನೇಶನ್ ತನಕ ಹೋಯಿತು.

ಈಗ ದುಡ್ಡಿನ ಮಾತು. ಪ್ಲಿಂಪ್ಟನ್ ಹೋದಲ್ಲೆಲ್ಲ ಹೇಳುವ ಸೂತ್ರ ಒಂದಿದೆ: ಚಿತ್ರ ಚಿಕ್ಕದಿರಲಿ, ಅಗ್ಗದಲ್ಲಿ ಆಗಲಿ, ನಗಿಸಲಿ. ಚಿಕ್ಕದು ಅಂದರೆ ಐದು ನಿಮಿಷದ ಆಸುಪಾಸು. ಅಗ್ಗ ಅಂದರೆ ನಿಮಿಷಕ್ಕೆ ಸಾವಿರ, ಎರಡು ಸಾವಿರ ಡಾಲರ್. ಇಷ್ಟರಲ್ಲಿ ಮುಗಿದರೆ ಒಂದು ಟೀವಿ ಚಾನೆಲ್ಲು, ಒಂದು ಟೂರಿಂಗ್ ಪ್ರದರ್ಶನ, ಒಂದು ಡಿವಿಡಿ, ಇಷ್ಟಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಮೇಲೆ ಬಂದಿದ್ದು ಮುಂದಿನ ಚಿತ್ರಕ್ಕೆ. ಚಿತ್ರದ ಹಕ್ಕು ಕೈಯಲ್ಲೇ ಇರುವುದರಿಂದ ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಕೇಳಿದರೂ ಆ ದುಡ್ಡು ಅವರಿಗೇ. ಹತ್ತು ಕಿರುಚಿತ್ರ ಇದ್ದರೆ ಹಿತ್ತಲಲ್ಲಿ ಹತ್ತು ತೆಂಗಿನಮರ ಇದ್ದ ಹಾಗೆ. ಯಾವ ಒಂದು ಮರವೂ ಸಂಸಾರ ಸಾಕುವುದಿಲ್ಲ, ಹತ್ತೂ ಸೇರಿದರೆ ಸಾಕುತ್ತವೆ.

1992ರಲ್ಲಿ 'ದ ಟ್ಯೂನ್' ಅನ್ನುವ ಪೂರ್ತಿ ಉದ್ದದ ಚಿತ್ರ ಮಾಡಿದರು, ಸ್ವಂತ ದುಡ್ಡಲ್ಲಿ. ಅದಕ್ಕೆ ಹಿಡಿದ ದಾರಿ ನೋಡಿ. ಚಿತ್ರದ ತುಣುಕುಗಳನ್ನು ಮೊದಲೇ ಬಿಡಿ ಕಿರುಚಿತ್ರಗಳಾಗಿ ಬಿಟ್ಟು, ಅದರಿಂದ ಬಂದ ದುಡ್ಡಲ್ಲಿ ಉಳಿದ ಭಾಗ ಮುಗಿಸಿದರು. ಅಂಥ ಒಂದು ತುಣುಕು 'ಪುಶ್ ಕಮ್ಸ್ ಟು ಶವ್'. ಅದಕ್ಕೆ ಫ್ರಾನ್ಸಿನಲ್ಲಿ ನಡೆಯುವ ಕಾನ್ ಚಲನಚಿತ್ರೋತ್ಸವದಲ್ಲಿ 1991ರಲ್ಲಿ ಕಿರುಚಿತ್ರದ ಜ್ಯೂರಿ ಬಹುಮಾನ ಬಂತು.

ಇನ್ನೊಂದು ವಿಷಯ. ಡಿಸ್ನಿ ಕಂಪನಿ ದೊಡ್ಡ ಮೊತ್ತ ಕೊಟ್ಟು ಅವರನ್ನು ಕರೆದಿತ್ತು. ಶನಿವಾರ, ಭಾನುವಾರ ನನ್ನ ಸ್ವಂತ ಚಿತ್ರ ಮಾಡಿಕೊಳ್ಳಬಹುದಾ ಅಂತ ಇವರು ಕೇಳಿದರು. ಮಾಡಬಹುದು, ಆದರೆ ಅದೂ ಕಂಪನಿಯದ್ದೇ ಆಗುತ್ತದೆ ಎಂದರು. ಇವರು ಒಲ್ಲೆ ಎಂದರು. ಇದು ಅವರೇ ಎಷ್ಟೋ ಕಡೆ ಹೇಳಿಕೊಂಡ ಮಾತು. ನನ್ನ ಕೇಳಿದರೆ ಅವರ ಇಡೀ ವೃತ್ತಿ ನಿಂತಿರುವುದೇ ಈ ಒಂದು ಉತ್ತರದ ಮೇಲೆ.

ಹಾಸನದಹುಡುಗಿ

ಲೈಟ್‌ಬಾಕ್ಸ್ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಈ ಲೆಕ್ಕ ಯಾವ ಕಾಲದ್ದು ಅನ್ನುವುದನ್ನೂ ಹೇಳಬೇಕಲ್ವಾ? ಆಗ ಎಂಟಿವಿ ಚಾನೆಲ್ ಇಂಥ ಚಿತ್ರಗಳಿಗೆ ದುಡ್ಡು ಕೊಡುತ್ತಿತ್ತು. 'ಸ್ಪೈಕ್ ಅಂಡ್ ಮೈಕ್' ಅನ್ನುವವರು ಕಿರುಚಿತ್ರಗಳನ್ನು ಕಟ್ಟಿಕೊಂಡು ಊರೂರಲ್ಲಿ ತೋರಿಸುತ್ತಿದ್ದರು, ಜನ ಟಿಕೆಟ್ ಕೊಂಡು ಬರುತ್ತಿದ್ದರು. ಡಿವಿಡಿ ಮಾರಾಟ ಇತ್ತು. ಇವತ್ತು ಇವೆಲ್ಲ ಎಲ್ಲಿವೆ? ನಮ್ಮಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕನ್ನಡ ಚಾನೆಲ್‌ನಲ್ಲಿ ಕಿರು ಅನಿಮೇಶನ್ ಚಿತ್ರ ನೋಡಿದ ನೆನಪು ಯಾರಿಗಾದರೂ ಇದೆಯಾ?

ಪೆನ್ಸಿಲ್‌ಡಬ್ಬಿ ಕೆಲಸ ಬಿಟ್ಟು ಕೂತರೆ ಮೊದಲನೇ ತಿಂಗಳ ಬಾಡಿಗೆ ಯಾರು ಕೊಡುತ್ತಾರೆ? ನನಗೆ ಅವರ ಕತೆ ತುಂಬಾ ಇಷ್ಟವಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ಲೈಟ್‌ಬಾಕ್ಸ್

ಒಪ್ಪುತ್ತೇನೆ, ಆ ಮಾರುಕಟ್ಟೆ ಹೋಯಿತು. ಆದರೆ ಅದು ಹೋದ ಮೇಲೂ ಪ್ಲಿಂಪ್ಟನ್ ನಿಲ್ಲಿಸಲಿಲ್ಲ. 2004ರಲ್ಲಿ 'ಗಾರ್ಡ್ ಡಾಗ್' ಮಾಡಿದರು. ನಾಯಿ ಪಾರ್ಕಿನಲ್ಲಿ ಪುಟ್ಟ ಹಕ್ಕಿ, ಹೂವು ಕಂಡರೂ ಯಾಕೆ ಬೊಗಳುತ್ತದೆ? ಅವು ತನ್ನ ಯಜಮಾನನನ್ನು ಕೊಂದೇಬಿಡುತ್ತವೆ ಅಂತ ಅದರ ತಲೆಯೊಳಗೆ ಒಂದೊಂದು ದೃಶ್ಯ ಓಡುತ್ತದೆ. ಅದಕ್ಕೂ ಆಸ್ಕರ್ ನಾಮಿನೇಶನ್ ಸಿಕ್ಕಿತು. ಅದೇ ನಾಯಿ ಇಟ್ಟುಕೊಂಡು ಇನ್ನಷ್ಟು ಚಿತ್ರ ಮಾಡಿದರು. ಪ್ರದರ್ಶನ ಮುಗಿದ ಮೇಲೆ ಬಂದವರಿಗೆಲ್ಲ ಕೂತು ಒಂದೊಂದು ಚಿತ್ರ ಬರೆದು ಕೊಡುತ್ತಾರೆ. ಒರಿಜಿನಲ್ ಡ್ರಾಯಿಂಗ್ ಮಾರುತ್ತಾರೆ. 'ಚೀಟಿನ್' ಚಿತ್ರಕ್ಕೆ ಕಿಕ್‌ಸ್ಟಾರ್ಟರ್ ಅನ್ನುವ ಜಾಲತಾಣದಲ್ಲಿ ಜನರಿಂದಲೇ ದುಡ್ಡು ಎತ್ತಿದರು. 'ಸಿಂಪ್ಸನ್ಸ್' ಸೀರೀಸ್‌ಗೆ ಶುರುವಿನ ತುಣುಕು ಮಾಡಿಕೊಟ್ಟರು. ಮಾರುಕಟ್ಟೆ ಮುಚ್ಚಿದ ಹಾಗೆಲ್ಲ ಇನ್ನೊಂದು ಕಡೆ ಕೈ ಹಾಕಿದ್ದಾರೆ. ಚಿತ್ರ ತಮ್ಮದಾಗಿದ್ದರಿಂದಲೇ ಅದು ಆಯಿತು.

ಹದಿನಾರೆಂಎಂ

ಡಾನ್ ಹರ್ಟ್ಸ್‌ಫೆಲ್ಟ್ ಹೆಸರು ಇನ್ನೂ ಯಾಕೆ ಬಂದಿಲ್ಲ? ನನ್ನ ಮಟ್ಟಿಗೆ ಈ ಪ್ರಶ್ನೆಗೆ ಅವರಷ್ಟು ನೇರ ಉತ್ತರ ಇನ್ನೊಂದಿಲ್ಲ.

1976ರಲ್ಲಿ ಹುಟ್ಟಿದವರು, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಓದಿದವರು. ಕಾಲೇಜಿನಲ್ಲೇ ಹದಿನಾರು ಎಂಎಂ ರೀಲಿನಲ್ಲಿ ವರ್ಷಕ್ಕೊಂದರಂತೆ ಚಿತ್ರ ಮಾಡಿದರು. ಹಾಸನದಹುಡುಗಿ ಹೇಳಿದ ಆ ಊರೂರು ಸುತ್ತುವ ಪ್ರದರ್ಶನದವರು ಆ ಚಿತ್ರಗಳನ್ನು ತೆಗೆದುಕೊಂಡರು. ಒಂದು ಚಿತ್ರದ ದುಡ್ಡಲ್ಲಿ ಇನ್ನೊಂದು. 1998ರ 'ಬಿಲ್ಲೀಸ್ ಬಲೂನ್' ಕಾನ್‌ಗೆ ಹೋಯಿತು. 2000ದ 'ರಿಜೆಕ್ಟೆಡ್' ಆಸ್ಕರ್ ನಾಮಿನೇಶನ್‌ಗೆ ಹೋಯಿತು. ಆಮೇಲೆ ಜಾಹೀರಾತಿನವರು ಬಾಗಿಲಿಗೆ ಬಂದರು. ಇವರು ಒಂದನ್ನೂ ಒಪ್ಪಲಿಲ್ಲ, ಜಾಹೀರಾತು ಮಾಡುವುದಿಲ್ಲ ಅನ್ನುವುದನ್ನು ಇವತ್ತಿಗೂ ಬಿಟ್ಟಿಲ್ಲ.

ಅವರ ಪಾತ್ರಗಳು ಕಡ್ಡಿ ಕೈ, ಕಡ್ಡಿ ಕಾಲು, ಚುಕ್ಕಿ ಕಣ್ಣು. ಇಷ್ಟೇನಾ ಅನ್ನಿಸುತ್ತದೆ. 'ಇಟ್ಸ್ ಸಚ್ ಎ ಬ್ಯೂಟಿಫುಲ್ ಡೇ' ನೋಡಿ ಆಮೇಲೆ ಹೇಳಿ. ಹ್ಯಾಟ್ ಹಾಕಿದ ಬಿಲ್ ಅನ್ನುವ ಮನುಷ್ಯ, ಅವನ ನೆನಪು ಕೈಕೊಡುತ್ತಾ ಹೋಗುತ್ತದೆ. 2006, 2008, 2011ರಲ್ಲಿ ಬಂದ ಮೂರು ಕಿರುಚಿತ್ರಗಳನ್ನು ಸೇರಿಸಿ 2012ರಲ್ಲಿ ಒಂದು ಉದ್ದದ ಚಿತ್ರ ಮಾಡಿದರು. ತೆರೆ ಮೇಲೆ ಕಪ್ಪಿನ ನಡುವೆ ಅಲ್ಲೊಂದು ಇಲ್ಲೊಂದು ಕಿಟಕಿ ತೆರೆದ ಹಾಗೆ ಬೇರೆ ಬೇರೆ ದೃಶ್ಯ ಒಟ್ಟಿಗೇ ಓಡುತ್ತವೆ. ಅದು ಕಂಪ್ಯೂಟರಿನಲ್ಲಿ ಆಗಿದ್ದಲ್ಲ. 1940ರ ದಶಕದ ಒಂದು ಹಳೇ 35 ಎಂಎಂ ಅನಿಮೇಶನ್ ಕ್ಯಾಮೆರಾ. ಲೆನ್ಸಿನ ಕೆಳಗೆ ಸಣ್ಣ ತೂತು ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಕು. ತೂತಿನಲ್ಲಿ ಕಾಣುವ ಚಿತ್ರವನ್ನು ಫ್ರೇಮ್ ಫ್ರೇಮ್ ಆಗಿ, ಅಂದರೆ ರೀಲಿನ ಒಂದೊಂದೇ ಚೌಕವಾಗಿ ತೆಗೆಯಬೇಕು. ರೀಲು ಹಿಂದಕ್ಕೆ ಸುತ್ತಿ, ತೂತಿನ ಜಾಗ ಬದಲಿಸಿ, ಅದೇ ರೀಲಿನ ಮೇಲೆ ಮತ್ತೆ ತೆಗೆಯಬೇಕು. ಒಂದು ಫ್ರೇಮ್ ತಪ್ಪಿದರೆ ಎಲ್ಲ ಮೊದಲಿಂದ. ಇಷ್ಟನ್ನೂ ಒಬ್ಬರೇ ಕೂತು ಮಾಡಿದ್ದಾರೆ.

2015ರ 'ವರ್ಲ್ಡ್ ಆಫ್ ಟುಮಾರೋ' ಅವರ ಮೊದಲ ಡಿಜಿಟಲ್ ಚಿತ್ರ. ಹದಿನೇಳು ನಿಮಿಷ. ಪುಟ್ಟ ಹುಡುಗಿಯ ದನಿ ಅವರ ಅಣ್ಣನದೋ ತಂಗಿಯದೋ ಮಗುವಿನದು, ಆಗ ಅದಕ್ಕೆ ನಾಲ್ಕು ವರ್ಷ. ಆ ವಯಸ್ಸಿನ ಮಗುವಿಗೆ ಡೈಲಾಗ್ ಹೇಳಿಕೊಡೋಕೆ ಆಗುತ್ತಾ? ಆಟ ಆಡುತ್ತಾ ಚಿತ್ರ ಬರೆಯುತ್ತಾ ಅದು ಮಾತಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು, ಆ ಮಾತಿನ ಸುತ್ತ ಕತೆ ಕಟ್ಟಿದರು. ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ ಕಿರುಚಿತ್ರದ ದೊಡ್ಡ ಬಹುಮಾನ ಅದಕ್ಕೇ ಬಂತು. ಉತ್ಸವ ಮುಗಿದ ಮೇಲೆ ವಿಮಿಯೋ ಅನ್ನುವ ವಿಡಿಯೋ ತಾಣದಲ್ಲಿ ಬಾಡಿಗೆಗೆ ಬಿಟ್ಟರು. ನೋಡುವವರು ನೇರ ದುಡ್ಡು ಕೊಟ್ಟು ನೋಡಿದರು, ನಡುವೆ ಚಾನೆಲ್ ಇಲ್ಲ, ಹಂಚಿಕೆದಾರ ಇಲ್ಲ. ಎಂಟಿವಿ ಕಾಲ ಮುಗಿದು ಎಷ್ಟೋ ವರ್ಷ ಆದಮೇಲಿನ ಮಾತು ಇದು.

ಹಾಸನದಹುಡುಗಿ

ಸರಿ, ಆದರೆ ವಿಮಿಯೋಗೆ ಬಂದು ದುಡ್ಡು ಕೊಟ್ಟವರು ಹದಿನೈದಿಪ್ಪತ್ತು ವರ್ಷದಿಂದ ಅವರ ಚಿತ್ರ ನೋಡುತ್ತಾ ಬಂದವರು. ಮೊದಲ ಚಿತ್ರ ಮಾಡುವವರಿಗೆ ಆ ಜನ ಎಲ್ಲಿಂದ ಬರಬೇಕು?

ನಮ್ಮ ದೇಶದ ಉದಾಹರಣೆ ನಾನು ಕೊಡುತ್ತೇನೆ. ಗೀತಾಂಜಲಿ ರಾವ್, ಮುಂಬಯಿಯವರು. ಅಲ್ಲಿನ ಜೆಜೆ ಕಲಾಶಾಲೆಯಲ್ಲಿ ಅಪ್ಲೈಡ್ ಆರ್ಟ್ ಓದಿ, ಹಿರಿಯ ಅನಿಮೇಟರ್ ರಾಮ್ ಮೋಹನ್ ಅವರ ಸ್ಟುಡಿಯೋದಲ್ಲಿ ಅನಿಮೇಶನ್ ಕಲಿತರು. ಜಾಹೀರಾತು ಚಿತ್ರ ಮಾಡಿ ದುಡಿದರು, ಆ ದುಡಿಮೆಯಲ್ಲಿ ಸ್ವಂತ ಚಿತ್ರ ಮಾಡಿದರು. 2006ರ 'ಪ್ರಿಂಟೆಡ್ ರೈನ್‌ಬೋ' ಹದಿನೈದು ನಿಮಿಷದ್ದು. ದೊಡ್ಡ ಊರಿನ ಫ್ಲ್ಯಾಟ್‌ನಲ್ಲಿ ಒಬ್ಬ ವಯಸ್ಸಾದ ಹೆಂಗಸು, ಜೊತೆಗೆ ಒಂದು ಬೆಕ್ಕು. ಆಕೆಯ ಹತ್ತಿರ ಬೆಂಕಿಪೊಟ್ಟಣಗಳ ಸಂಗ್ರಹ ಇದೆ. ಮನೆಯ ದಿನಗಳು ಬೂದು ಬಣ್ಣ. ಪೊಟ್ಟಣದ ಮೇಲಿನ ಚಿತ್ರದೊಳಗೆ ಹೊಕ್ಕಳೋ, ನಮ್ಮ ಬೆಂಕಿಪೊಟ್ಟಣದ ಆ ಕೆಂಪು, ಹಳದಿ, ಹಸಿರು ಎಲ್ಲ ತೆರೆ ತುಂಬಾ ಹರಡಿಕೊಳ್ಳುತ್ತದೆ. ಫ್ರೇಮ್ ಫ್ರೇಮನ್ನೂ ತಾವೇ ಬರೆದು ಬಣ್ಣ ಹಚ್ಚಿದ್ದಾರೆ. ಕಾನ್‌ನ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಮೂರು ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ದುಡ್ಡು ಹಾಕುವವರು ಸಾಲುಗಟ್ಟಿ ನಿಂತರಾ? ಇಲ್ಲ. ಅವರ ಉದ್ದದ ಚಿತ್ರ 'ಬಾಂಬೆ ರೋಸ್' ವೆನಿಸ್ ಉತ್ಸವದಲ್ಲಿ ತೆರೆ ಕಂಡಿದ್ದು 2019ರಲ್ಲಿ. ಹದಿಮೂರು ವರ್ಷ! ನಡುವೆ ಒಂದು ದೊಡ್ಡ ಯೋಜನೆ ದುಡ್ಡಿಲ್ಲದೆ ನಿಂತಿತು. 2014ರಲ್ಲಿ ಇನ್ನೊಂದು ಕಿರುಚಿತ್ರ ಮಾಡಿ ಮತ್ತೆ ಕಾನ್‌ಗೆ ಹೋದರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಲ್ಲಿ ಕಿರುಚಿತ್ರದಿಂದ ಕಿರುಚಿತ್ರಕ್ಕೆ ದುಡ್ಡು ಹರಿಯುವುದಿಲ್ಲ, ಬೇರೆ ಕೆಲಸದಿಂದ ಹರಿಸಬೇಕು. ಅವರು ಹಾಗೆ ಹರಿಸಿಯೇ ಮಾಡಿದ್ದು. ಜಾಹೀರಾತು ಮಾಡಿದರೆ ಸ್ವತಂತ್ರ ಕಲಾವಿದ ಅಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹದಿನಾರೆಂಎಂ

ಹಾಗೆ ನಾನು ಹೇಳಿಲ್ಲ ಮೇಡಂ. ಹರ್ಟ್ಸ್‌ಫೆಲ್ಟ್ ಒಲ್ಲೆ ಎಂದಿದ್ದು ಅವರ ಆಯ್ಕೆ. ಆದರೆ ಇಬ್ಬರಲ್ಲೂ ಒಂದು ವಿಷಯ ಒಂದೇ. ಚಿತ್ರಕ್ಕೆ ಸ್ವಂತ ದುಡ್ಡು ಹಾಕಿದರು, ಹಾಗಾಗಿ ಯಾರೂ ಬಂದು ಇದನ್ನು ತೆಗಿ, ಅದನ್ನು ಸೇರಿಸು ಅನ್ನಲಿಲ್ಲ.

ಕರಾರುಪತ್ರ

ನಾನು ಅನಿಮೇಟರ್ ಅಲ್ಲ, ವಕೀಲ. ಕಿರುಚಿತ್ರ ನೋಡುವ ಹುಚ್ಚು. ಮೇಲೆ ಡಿಸ್ನಿ ವಿಷಯ ಬಂತಲ್ಲ, ಪೆನ್ಸಿಲ್‌ಡಬ್ಬಿ ಅವರಿಗೆ ಅದು ದೂರದ ಕತೆ ಅಲ್ಲ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ನೌಕರಿಯ ಭಾಗವಾಗಿ ಮಾಡಿದ ಕೆಲಸದ ಮೊದಲ ಹಕ್ಕುದಾರ ಮಾಲೀಕರು, ಬೇರೆ ಒಪ್ಪಂದ ಇಲ್ಲದಿದ್ದರೆ. ರಾತ್ರಿ ಮನೆಯಲ್ಲಿ, ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮದೇ ಕತೆಗೆ ಮಾಡಿದ ಚಿತ್ರ ನೌಕರಿಯ ಭಾಗ ಅಲ್ಲ. ಕಾಯ್ದೆ ಪ್ರಕಾರ ಅದು ನಿಮ್ಮದು. ತೊಡಕು ಇರುವುದು ಅಪಾಯಿಂಟ್‌ಮೆಂಟ್ ಲೆಟರಿನಲ್ಲಿ. ಕೆಲಸದಲ್ಲಿ ಇರುವಷ್ಟು ದಿನ ನೀವು ಏನೇ ಸೃಷ್ಟಿಸಿದರೂ ಅದು ಕಂಪನಿಯದ್ದು ಅಂತ ಒಂದು ಸಾಲು ಎಷ್ಟೋ ಲೆಟರುಗಳಲ್ಲಿ ಇರುತ್ತದೆ. ಹೊರಗಿನ ಕೆಲಸ ಮಾಡಬಾರದು ಅಂತ ಇನ್ನೊಂದು ಸಾಲು. ಸಹಿ ಹಾಕುವಾಗ ಯಾರೂ ಓದುವುದಿಲ್ಲ. ಮೊದಲು ಅದನ್ನು ಹುಡುಕಿ ತೆಗೆದು ಓದಿ. ಇದ್ದರೆ ಎಚ್‌ಆರ್‌ಗೆ ಮೇಲ್ ಮಾಡಿ. ಇದು ನನ್ನ ಸ್ವಂತ ಚಿತ್ರ, ಕಂಪನಿಯ ಸಮಯ, ಸಾಫ್ಟ್‌ವೇರ್, ಲೈಸೆನ್ಸ್ ಯಾವುದನ್ನೂ ಬಳಸುವುದಿಲ್ಲ ಅಂತ ಬರೆದು ಲಿಖಿತ ಒಪ್ಪಿಗೆ ಕೇಳಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆ ಇಲ್ಲ.

ಎರಡನೆಯದು, ಆ ಹಳೇ ಸಿನಿಮಾ ಹಾಡು. ದಯವಿಟ್ಟು ಬೇಡ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಎರಡಕ್ಕೂ ಅನುಮತಿ ಬೇಕು. ರೆಕಾರ್ಡಿಂಗಿನ ಹಕ್ಕು ಬಿಡುಗಡೆ ಆದಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬರೆದವರ, ಕಟ್ಟಿದವರ ಕಾಲಾನಂತರವೂ 60 ವರ್ಷ. ಉತ್ಸವಗಳ ಅರ್ಜಿಯಲ್ಲೇ ಎಲ್ಲ ಹಕ್ಕು ನನ್ನ ಬಳಿ ಇದೆ ಅಂತ ಸಹಿ ಕೇಳುತ್ತಾರೆ. ಮುಂದೆ ಯಾರಾದರೂ ಚಿತ್ರ ಕೊಳ್ಳಲು ಬಂದರೆ ಅವರು ಕೇಳುವ ಮೊದಲ ಪ್ರಶ್ನೆಯೂ ಅದೇ. ಪ್ಲಿಂಪ್ಟನ್ ಅವರು ಮೌರೀನ್ ಮೆಕೆಲ್‌ರಾನ್ ಅವರಿಂದ 'ಯುವರ್ ಫೇಸ್'ಗೆ ಹೊಸ ಹಾಡು ಕಟ್ಟಿಸಿದ್ದು ಅಗ್ಗ ಅಂತ ಮಾತ್ರ ಅಂದುಕೊಳ್ಳಬೇಡಿ. ಅದರಿಂದಲೇ ಆ ಚಿತ್ರವನ್ನು ಎಲ್ಲಿ ಬೇಕಾದರೂ ಮಾರೋಕೆ ಆಯಿತು.

ಪೆನ್ಸಿಲ್‌ಡಬ್ಬಿ

ಸರ್, ಲೆಟರ್ ತೆಗೆದು ನೋಡಿದೆ. ನೀವು ಹೇಳಿದ ಎರಡೂ ಸಾಲು ಇವೆ. ನಾಳೆಯೇ ಮೇಲ್ ಮಾಡುತ್ತೇನೆ. ಹಾಡು ಬಿಡುವುದಕ್ಕೆ ಸಂಕಟ ಆಗುತ್ತಿದೆ, ಆದರೆ ನಿಮ್ಮ ಮಾತು ಅರ್ಥವಾಯಿತು.

ಇನ್ನೊಂದು ಕೇಳಬೇಕಿತ್ತು. ಹನ್ನೆರಡು ನಿಮಿಷ ಜಾಸ್ತಿ ಆಯಿತಾ? ಗೀತಾಂಜಲಿ ರಾವ್ ಅವರದ್ದು ಹದಿನೈದು, ಹರ್ಟ್ಸ್‌ಫೆಲ್ಟ್ ಅವರದ್ದು ಹದಿನೇಳು ಅಂತ ಓದಿ ಧೈರ್ಯ ಬಂತು.

ಲೈಟ್‌ಬಾಕ್ಸ್

ಲೆಕ್ಕ ಹಾಕೋಣ. ಸೆಕೆಂಡಿಗೆ 24 ಫ್ರೇಮ್. ಒಂದು ಡ್ರಾಯಿಂಗನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಡ್ರಾಯಿಂಗ್. ಹನ್ನೆರಡು ನಿಮಿಷ ಅಂದರೆ 720 ಸೆಕೆಂಡ್, 8640 ಡ್ರಾಯಿಂಗ್. ಒಂದೇ ಪಾತ್ರ ಇದ್ದರೆ. ಬಸ್ ತುಂಬಾ ಜನ ಇದ್ದರೆ ಇನ್ನೂ ಹೆಚ್ಚು. ದಿನಾ ಕೆಲಸ ಮುಗಿಸಿ ಬಂದು ಹತ್ತು ಡ್ರಾಯಿಂಗ್ ಮಾಡಿದರೂ, ಒಂದು ದಿನವೂ ಬಿಡದೆ, ಎರಡು ವರ್ಷ ದಾಟುತ್ತದೆ. ಆಮೇಲೆ ಕ್ಲೀನಪ್ (ಗೆರೆ ತಿದ್ದಿ ಚೊಕ್ಕ ಮಾಡುವುದು), ಬಣ್ಣ, ಬ್ಯಾಕ್‌ಗ್ರೌಂಡ್.

ಅದನ್ನೇ ಐದು ನಿಮಿಷಕ್ಕೆ ಇಳಿಸಿ. ಪ್ಲಿಂಪ್ಟನ್ ಬಹಳ ಕಡೆ ಮಾಡುವ ಹಾಗೆ ಒಂದು ಡ್ರಾಯಿಂಗನ್ನು ನಾಲ್ಕು ಫ್ರೇಮ್ ನಿಲ್ಲಿಸಿ. ಸೆಕೆಂಡಿಗೆ ಆರು. 300 ಸೆಕೆಂಡಿಗೆ 1800 ಡ್ರಾಯಿಂಗ್. ಅದೇ ಕೈ, ಅದೇ ವೇಗ, ಆರೇ ತಿಂಗಳು.

ನಾಲ್ಕು ಫ್ರೇಮ್ ನಿಲ್ಲಿಸಿದರೆ ಚಲನೆ ಕುಂಟುತ್ತದೆ ಅಂತ ಸ್ಟುಡಿಯೋದಲ್ಲಿ ನಮಗೆ ಹೇಳಿಕೊಟ್ಟಿರುತ್ತಾರೆ. 'ಯುವರ್ ಫೇಸ್' ನೋಡಿ. ಗೆರೆ ನಡುಗುತ್ತಾ ಇರುತ್ತದೆ, ಪೆನ್ಸಿಲಿನ ಗೀರು ಒಂದು ಡ್ರಾಯಿಂಗಿನಿಂದ ಇನ್ನೊಂದಕ್ಕೆ ಬದಲಾಗುತ್ತಾ ಇರುತ್ತದೆ, ಹಾಗಾಗಿ ನಿಂತ ಚಿತ್ರವೂ ಉಸಿರಾಡುತ್ತಿದೆ ಅನ್ನಿಸುತ್ತದೆ. ನಿಮ್ಮ ಬಸ್ ಹೇಗೂ ಗಡಗಡ ಅಲುಗುವುದೇ ಅಲ್ವಾ? ಅದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ಹಾಸನದಹುಡುಗಿ

ಡ್ರಾಯಿಂಗ್ ಲೆಕ್ಕಕ್ಕೆ ಕತೆ ಕತ್ತರಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅವರು ಹೇಳಿದ ಕಂಡಕ್ಟರ್ ಕತೆ ನಗಿಸುವ ಕತೆ ಅಲ್ಲ. ಆತ ಎಷ್ಟು ಮನೆ ಬಾಗಿಲು ತಟ್ಟುತ್ತಾನೆ, ಪ್ರತಿ ಬಾಗಿಲಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಸಮಯ ಬೇಕು. ಐದು ನಿಮಿಷದಲ್ಲಿ ಅದು ಬರೀ ಒಳ್ಳೇ ಕಂಡಕ್ಟರ್ ಕತೆ ಆಗಿಬಿಡುತ್ತದೆ.

ಪ್ಲಿಂಪ್ಟನ್ ಸೂತ್ರ ಪ್ಲಿಂಪ್ಟನ್‌ಗೆ ಹೊಂದಿದ್ದು. ಅವರ ಚಿತ್ರಗಳಲ್ಲಿ ಒಂದು ಐಡಿಯಾ ಇರುತ್ತದೆ, ಅದನ್ನು ಹಿಂಡುತ್ತಾ ಹೋಗುತ್ತಾರೆ. ಬೆಂಕಿಪೊಟ್ಟಣದ ಹೆಂಗಸಿನ ಚಿತ್ರವನ್ನು ಐದು ನಿಮಿಷಕ್ಕೆ ಇಳಿಸಿ ನೋಡಿ, ಆ ಮನೆಯ ಒಂಟಿತನವೇ ಮಾಯ.

ಲೈಟ್‌ಬಾಕ್ಸ್

ಹಾಗಾದರೆ ಮನೆ ಕಡಿಮೆ ಮಾಡಲಿ. ಎರಡೇ ಬಾಗಿಲು, ಆರು ನಿಮಿಷ. ಉಳಿದ ಬಾಗಿಲುಗಳು ಎರಡನೇ ಚಿತ್ರಕ್ಕೆ ಇರಲಿ. ಅವರು ಕೇಳಿದ್ದು ಒಂದು ಚಿತ್ರದ ಬಗ್ಗೆ ಅಲ್ಲ, ಒಂದಾದ ಮೇಲೊಂದು ಮಾಡುವ ಬದುಕಿನ ಬಗ್ಗೆ. ಮೂರು ವರ್ಷ ಒಂದೇ ಚಿತ್ರದಲ್ಲಿ ಕೂತು ಸುಸ್ತಾದವರು ಎರಡನೆಯದಕ್ಕೆ ಕೈಯೇ ಹಾಕುವುದಿಲ್ಲ.

ಮಾಂಟ್ರಿಯಲ್‌ವಾಸಿ

ತುಮಕೂರಿನವನು, ಈಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದೇನೆ. ನೀವು ಹೇಳಿದ 'ಯುವರ್ ಫೇಸ್' 1988ರ ಆಸ್ಕರ್‌ನಲ್ಲಿ ಸೋತಿದ್ದು ಇದೇ ಊರಿನ ಚಿತ್ರಕ್ಕೆ. ಫ್ರೆಡರಿಕ್ ಬ್ಯಾಕ್ ಅವರ 'ದ ಮ್ಯಾನ್ ಹೂ ಪ್ಲಾಂಟೆಡ್ ಟ್ರೀಸ್', ಅರ್ಧ ಗಂಟೆಯ ಚಿತ್ರ. ಮಂಜುಗಟ್ಟಿದ ಹಾಗಿರುವ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಮಾಡಿದ್ದು. ಬ್ಯಾಕ್ ಇಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ರೇಡಿಯೋ ಕೆನಡಾದಲ್ಲಿ ಇದ್ದವರು. ವರ್ಷಗಟ್ಟಲೆ ಕೂತು ಒಂದು ಚಿತ್ರ ಮಾಡೋಕೆ ಸಂಸ್ಥೆ ಬಿಟ್ಟಿತು. ಒಂದೇ ವರ್ಷ, ಒಂದೇ ಪ್ರಶಸ್ತಿ. ಒಂದು ಕಡೆ ಸ್ವಂತ ಜೇಬಿನ ಮೂರು ನಿಮಿಷ, ಇನ್ನೊಂದು ಕಡೆ ಸಂಸ್ಥೆಯ ದುಡ್ಡಿನ ಅರ್ಧ ಗಂಟೆ.

ಇಲ್ಲಿನ ಸರ್ಕಾರಿ ಚಿತ್ರಸಂಸ್ಥೆ ನ್ಯಾಶನಲ್ ಫಿಲ್ಮ್ ಬೋರ್ಡ್ ಕೂಡ ಹಾಗೇ. ನಮ್ಮವರೇ ಆದ ಇಶು ಪಟೇಲ್ ಅಹಮದಾಬಾದಿನ ವಿನ್ಯಾಸ ಶಾಲೆ ಎನ್‌ಐಡಿಯಿಂದ ಬಂದು ಇಲ್ಲಿ ಕೆಲಸ ಮಾಡಿದರು. 1977ರ 'ಬೀಡ್ ಗೇಮ್' ಪೂರ್ತಿ ಮಣಿಗಳದ್ದು. ಸಾವಿರಾರು ಪುಟ್ಟ ಮಣಿಗಳನ್ನು ಕ್ಯಾಮೆರಾ ಕೆಳಗೆ ಜೋಡಿಸಿ, ಸರಿಸಿ, ಪ್ರಾಣಿಗಳು ಒಂದನ್ನೊಂದು ನುಂಗುತ್ತಾ ಹೋಗುವುದನ್ನು ತೋರಿಸಿದ್ದಾರೆ. ಅದಕ್ಕೂ ಆಸ್ಕರ್ ನಾಮಿನೇಶನ್ ಬಂತು. ಸರ್ಕಾರ ಕಲಾವಿದನಿಗೆ ಸಂಬಳ ಕೊಟ್ಟು ನಿನ್ನ ಚಿತ್ರ ಮಾಡು ಅಂದರೆ ಇಂಥವು ಹುಟ್ಟುತ್ತವೆ. ಕರ್ನಾಟಕದಲ್ಲಿ ಅನಿಮೇಶನ್, ಗೇಮಿಂಗ್‌ಗೆ ಅಂತ 2012ರಿಂದಲೇ ನೀತಿ ಇದೆ. ಅದು ಉದ್ಯಮ, ತರಬೇತಿಗೆ ಒತ್ತು ಕೊಟ್ಟಿದೆ. ಒಬ್ಬ ಕಲಾವಿದೆ ಕೂತು ಆರು ನಿಮಿಷದ ಕನ್ನಡ ಚಿತ್ರ ಮಾಡಲಿ ಅಂತ ಒಂದು ಸಣ್ಣ ಮೊತ್ತ ಇಟ್ಟರೂ ಸಾಕು, ಎಷ್ಟು ಬದಲಾಗುತ್ತದೆ! ಇದನ್ನು ನಾವೆಲ್ಲ ಸೇರಿ ಕೇಳಬೇಕು.

ಮನೆಬಾಡಿಗೆ

ಮೈಸೂರಿನಿಂದ. ನಾನು ಇದೇ ದಾರಿಯಲ್ಲಿ ಇರುವವನು, ಹಾಗಾಗಿ ನನ್ನ ಬದುಕಿನ ಲೆಕ್ಕ ಹೇಳುತ್ತೇನೆ. ಕಿರುಚಿತ್ರ ಮಾಡಿದೆ. ಕೆಲವು ಉತ್ಸವಗಳಲ್ಲಿ ತೋರಿಸಿದರು. ಚಿತ್ರದಿಂದ ನೇರವಾಗಿ ಬಂದ ದುಡ್ಡು ಹೇಳಿಕೊಳ್ಳುವಷ್ಟು ಇಲ್ಲ. ಆದರೆ ಚಿತ್ರ ನೋಡಿದವರು ಕರೆದರು. ಮಕ್ಕಳ ಪುಸ್ತಕದ ಪ್ರಕಾಶಕರು ಚಿತ್ರ ಬರೆಯಲು ಕರೆದರು. ಶಾಲೆಗಳವರು ಬೇಸಿಗೆ ಶಿಬಿರಕ್ಕೆ ಕರೆದರು. ಒಂದು ಕಾಲೇಜಿನಲ್ಲಿ ವಾರಕ್ಕೆರಡು ದಿನ ಪಾಠ. ಮನೆ ನಡೆಯುವುದು ಇವುಗಳಿಂದ. ಸ್ಟುಡಿಯೋದಲ್ಲಿ ಇದ್ದಾಗ ಇವರಲ್ಲಿ ಒಬ್ಬರೂ ನನ್ನನ್ನು ಕರೆದಿರಲಿಲ್ಲ, ಯಾಕೆಂದರೆ ತೋರಿಸೋಕೆ ನನ್ನದು ಅಂತ ಏನೂ ಇರಲಿಲ್ಲ. ಕೆಲಸ ಕೇಳುವಾಗ ತೋರಿಸುವ ಶೋರೀಲಿನಲ್ಲಿದ್ದ ಪಾತ್ರಗಳೆಲ್ಲ ಬೇರೆಯವರವು.

ಕೆಲಸ ಈಗಲೇ ಬಿಡಬೇಡಿ. ಚಿತ್ರ ಮುಗಿಯುವವರೆಗಂತೂ ಬೇಡ. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಕೂರಿ, ರಾತ್ರಿ ಕೈ ಸೋತಿರುತ್ತದೆ. ಮನೆಯವರಿಗೆ ಅನಿಮ್ಯಾಟಿಕ್ ತೋರಿಸಿ. ಏನು ಮಾಡುತ್ತಿದ್ದೀರಿ ಅಂತ ಕಂಡರೆ ಅವರೂ ಜೊತೆ ನಿಲ್ಲುತ್ತಾರೆ. ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಡಿ. ಕ್ರಿಟಾ, ಓಪನ್‌ಟೂನ್ಜ್, ಬ್ಲೆಂಡರಿನ ಗ್ರೀಸ್ ಪೆನ್ಸಿಲ್, ಎಲ್ಲ ಉಚಿತ. ಉಳಿಸಿದ್ದನ್ನು ಧ್ವನಿಗೆ ಹಾಕಿ. ಗೆರೆ ಒರಟಾಗಿದ್ದರೆ ಶೈಲಿ ಅಂದುಕೊಳ್ಳುತ್ತಾರೆ, ಸೌಂಡ್ ಕೆಟ್ಟರೆ ಜನ ಎದ್ದು ಹೋಗುತ್ತಾರೆ.

ಹದಿನಾರೆಂಎಂ

ಮುಗಿದ ತಕ್ಷಣ ಯೂಟ್ಯೂಬಿಗೆ ಹಾಕಬೇಡಿ, ಇದು ಮುಖ್ಯ. ಹಲವು ಉತ್ಸವಗಳು ಆನ್‌ಲೈನ್‌ನಲ್ಲಿ ಬಂದ ಚಿತ್ರ ತೆಗೆದುಕೊಳ್ಳುವುದಿಲ್ಲ. ಮೊದಲು ಒಂದು ವರ್ಷ ಉತ್ಸವ, ಆಮೇಲೆ ಆನ್‌ಲೈನ್.

ಅನಿಮೇಶನ್‌ಗೆ ದೊಡ್ಡದು ಫ್ರಾನ್ಸಿನ ಆನ್ಸಿ, 1960ರಿಂದ ನಡೆಯುತ್ತಿದೆ, ಈಗ ಪ್ರತಿ ಜೂನ್‌ನಲ್ಲಿ. ಝಾಗ್ರೆಬ್, ಒಟ್ಟಾವ, ಸ್ಟುಟ್‌ಗಾರ್ಟ್ ಇವೆ. ನಮ್ಮಲ್ಲಿ ಮುಂಬಯಿ ಅಂತಾರಾಷ್ಟ್ರೀಯ ಉತ್ಸವ, ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಶನ್‌ಗೇ ಮೀಸಲು, 1990ರಲ್ಲಿ ಶುರುವಾಗಿದ್ದು. ಬೆಂಗಳೂರಿನ ಕಿರುಚಿತ್ರೋತ್ಸವವೂ ಇದೆ. ಅರ್ಜಿ ಶುಲ್ಕ ನೋಡಿಕೊಂಡು ಹಾಕಿ. ಹೆಸರೇ ಕೇಳದ ನೂರಾರು ಉತ್ಸವಗಳು ಶುಲ್ಕಕ್ಕಾಗಿಯೇ ಇವೆ, ಎಲ್ಲರಿಗೂ ಒಂದೊಂದು ಸರ್ಟಿಫಿಕೇಟ್ ಹಂಚುತ್ತವೆ. ಅಲ್ಲಿ ಒಂದು ರೂಪಾಯಿಯೂ ಹಾಕಬೇಡಿ.

ಕನ್ನಡದಲ್ಲಿ ಜನರಿಂದ ದುಡ್ಡು ಎತ್ತೋಕೆ ಆಗಲ್ಲ ಅನ್ನುವವರಿಗೆ ಒಂದು ಮಾತು. ನಮ್ಮ ಗೋವಿನ ಹಾಡಿನ 'ಪುಣ್ಯಕೋಟಿ'ಯನ್ನು ಬೆಂಗಳೂರಿನವರು ಸಂಸ್ಕೃತದಲ್ಲಿ ಉದ್ದದ ಅನಿಮೇಶನ್ ಚಿತ್ರ ಮಾಡಿದ್ದು ಜನ ಕೊಟ್ಟ ದುಡ್ಡಿನಿಂದಲೇ. ಇಳಯರಾಜ ಸಂಗೀತ. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಎಲ್ಲರಿಗೂ ಗೊತ್ತಿರುವ ಕತೆ ಅನ್ನುವ ಬಲ ಅದಕ್ಕಿತ್ತು, ನಿಜ. ಟಿಕೆಟ್ ಹಿಂದಿನ ಬಾಕಿ ಕೂಡ ಕರ್ನಾಟಕದಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ?

ಪೆನ್ಸಿಲ್‌ಡಬ್ಬಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಚ್‌ಆರ್‌ನಿಂದ ಉತ್ತರ ಬಂತು. ಸ್ವಂತ ಸಮಯದಲ್ಲಿ, ಸ್ವಂತ ಮೆಷಿನ್‌ನಲ್ಲಿ ಮಾಡುವುದಾದರೆ ಅಭ್ಯಂತರ ಇಲ್ಲ, ಚಿತ್ರ ನಿಮ್ಮದೇ ಅಂತ ಬರೆದು ಕೊಟ್ಟಿದ್ದಾರೆ. ಪ್ರಿಂಟ್ ತೆಗೆದು ಇಟ್ಟುಕೊಂಡೆ.

ಹಾಸನದಹುಡುಗಿ ಮೇಡಂ, ಲೈಟ್‌ಬಾಕ್ಸ್ ಸರ್, ನಿಮ್ಮಿಬ್ಬರ ಜಗಳ ಓದಿ ಅನಿಮ್ಯಾಟಿಕ್ ಮತ್ತೆ ಕತ್ತರಿಸಿದೆ. ಮೂರು ಬಾಗಿಲು, ಏಳು ನಿಮಿಷ. ಎರಡನೇ ಬಾಗಿಲು ತೆಗೆಯುವುದೇ ಇಲ್ಲ, ಆತ ಚಿಲ್ಲರೆಯನ್ನು ಕಿಟಕಿ ಕಟ್ಟೆ ಮೇಲೆ ಎಣಿಸಿ ಇಟ್ಟು ಬರುತ್ತಾನೆ. ಅಲ್ಲಿ ಅವಸರ ಮಾಡುವುದಿಲ್ಲ, ಆ ಒಂದು ಶಾಟ್ ಮಾತ್ರ ಎರಡು ಫ್ರೇಮಿನ ಲೆಕ್ಕದಲ್ಲೇ ಮಾಡುತ್ತೇನೆ. ಉಳಿದಿದ್ದು ನಾಲ್ಕು ಫ್ರೇಮ್. ಹಾಡು ತೆಗೆದೆ. ಈಗ ಬಸ್ಸಿನ ಸದ್ದೇ ಬೇಕು. ಎಂಜಿನ್, ಬಾಗಿಲು, ಸೀಟಿ, ನಾಣ್ಯ. ಯಾರ ಹತ್ತಿರವಾದರೂ ಒಳ್ಳೇ ರೆಕಾರ್ಡರ್ ಇದೆಯಾ?

ಮನೆಬಾಡಿಗೆ

ನನ್ನ ಹತ್ತಿರ ಇದೆ. ನಮ್ಮ ಬೀದಿಯಲ್ಲೇ ಒಬ್ಬರು ರಿಟೈರ್ಡ್ ಕಂಡಕ್ಟರ್ ಇದ್ದಾರೆ, ಸೀಟಿ, ಚರ್ಮದ ಚೀಲ ಇನ್ನೂ ಇಟ್ಟುಕೊಂಡಿದ್ದಾರೆ. ಕೇಳಿ ನೋಡುತ್ತೇನೆ. ಒಂದು ಭಾನುವಾರ ಮೈಸೂರಿಗೆ ಬನ್ನಿ. ದುಡ್ಡು ಬೇಡ, ಚಿತ್ರದಲ್ಲಿ ಹೆಸರು ಹಾಕಿ ಸಾಕು.

ಕರಾರುಪತ್ರ

ಹೆಸರು ಹಾಕಿ, ಜೊತೆಗೆ ಒಂದು ಪುಟದ ಒಪ್ಪಂದವನ್ನೂ ಬರೆದುಕೊಳ್ಳಿ. ಸ್ನೇಹಿತರು ಅಂತ ಬಿಡಬೇಡಿ. ರೆಕಾರ್ಡಿಂಗ್ ಯಾರದ್ದು, ಈ ಚಿತ್ರಕ್ಕೆ ಮಾತ್ರವಾ ಬೇರೆಯದಕ್ಕೂ ಬಳಸಬಹುದಾ, ಮುಂದೆ ಚಿತ್ರ ಮಾರಾಟ ಆದರೆ ಪಾಲು ಇದೆಯಾ ಇಲ್ಲವಾ, ಇಷ್ಟು ಇದ್ದರೆ ಸಾಕು. ಆ ಕಂಡಕ್ಟರ್ ದನಿ ಬಳಸುವುದಾದರೆ ಅವರಿಂದಲೂ ಒಂದು ಸಹಿ ಬೇಕು. ಕನ್ನಡದಲ್ಲೇ ಕರಡು ಮಾಡಿ ಇವತ್ತು ಸಂಜೆ ಇಲ್ಲಿ ಹಾಕುತ್ತೇನೆ. ಮುಂದೆ ಚಿತ್ರ ಮಾಡುವವರು ಯಾರು ಬೇಕಾದರೂ ತೆಗೆದುಕೊಂಡು ಬಳಸಿ.